ಬಾಗಿಲು ತಟ್ಟುವ ಸೀನು

ಕಾದಂಬರಿಯನ್ನು ಸಿನಿಮಾ ಹೇಗೆ ಕೆಡಿಸುತ್ತದೆ ಎಂದು ಭಾಷಣ ಮಾಡುವುದು ನನ್ನ ಚಟ. ಶ್ರೀಮಂಗಲದ ಹತ್ತಿರದ ಒಂದು ಎಸ್ಟೇಟಿನಲ್ಲೂ ಅದನ್ನೇ ಮಾಡಿದೆ. ಕತ್ತಲಾದರೆ ಆನೆ ಬರುತ್ತದೆಂದು ಮಧ್ಯಾಹ್ನವೇ ಕಾರ್ಯಕ್ರಮ. ಗೋಡೌನಿನ ಕಿಟಕಿಗಳಿಗೆ ಕಾಫಿಯ ಗೋಣಿಚೀಲ ಕಟ್ಟಿ, ಕತ್ತಲು ಮಾಡಿ, ಕಾದಂಬರಿಯೊಂದನ್ನು ಆಧರಿಸಿದ ಸಿನಿಮಾ ತೋರಿಸಿದೆವು.

ಮುಗಿದ ಮೇಲೆ ನಾನು ಎದ್ದು ನಿಂತೆ. "ಪುಸ್ತಕದಲ್ಲಿ ನಾಯಕಿಯ ಗಂಡನನ್ನು ತೋಟದಲ್ಲೇ ಆನೆ ತುಳಿದು ಕೊಲ್ಲುತ್ತದೆ. ಸಿನಿಮಾದಲ್ಲಿ ಅವನು ಸಂಜೆ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಇದು ಶುದ್ಧ ಸುಳ್ಳಲ್ಲವೇ?"

ಹಿಂದೆ ಕೂತಿದ್ದ, ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸೊಬ್ಬಳು ಹೇಳಿದಳು: "ಸುಳ್ಳೇ ಸಾರ್. ನಮ್ಮನೆಯವರು ಹೋದದ್ದೂ ಹಂಗೇ, ಇದೇ ತೋಟದಲ್ಲಿ. ಆ ಬಾಗಿಲು ತಟ್ಟೋ ಸೀನು ಇನ್ನೊಂದು ಸಲ ಹಾಕ್ತೀರಾ?"

ಹಾಕಿದೆ. ಪರದೆಯ ಮೇಲೆ ಬಾಗಿಲು ತೆರೆಯುವ ಮೊದಲೇ ಆಕೆ ಎದ್ದು ನಿಂತಿದ್ದಳು.

"ಇನ್ನೊಂದು ಸಲ" ಅಂದಳು. ಮತ್ತೆ ಹಾಕಿದೆ. ಕೊನೆಯ ಅಧ್ಯಾಯ ಓದೋಣವೆಂದು ತಂದಿದ್ದ ಪುಸ್ತಕ ಕೈಯಲ್ಲೇ ಇತ್ತು. ಅದನ್ನು ಚೀಲಕ್ಕೆ ಹಾಕಿದೆ.

ಗೋಣಿಕೊಪ್ಪಲಿಗೆ ಮರಳಿದಾಗ ಗೆಳೆಯನೊಬ್ಬ ಕೇಳಿದ: "ಕೊನೆಗೆ ಗೆದ್ದದ್ದು ಯಾವುದು ಮಾರಾಯ, ಕಾದಂಬರಿಯೋ ಸಿನಿಮಾವೋ?"

"ಆನೆ" ಅಂದೆ.