ಹೊಡಿ ಅಂದದ್ದು ಯಾರಿಗೆ

ಉದಯಶಂಕರನಿಗೆ ಕಾಯುವುದೆಂದರೆ ಮೈಮೇಲೆ ಕೆಂಡ ಸುರಿದಂತೆ. ನಲವತ್ತಮೂರು ವಯಸ್ಸು, ಮೈಸೂರಿನ ಇಂಜಿನಿಯರು, ಗಣಿಗಳಲ್ಲಿ ಅದಿರು ಸಾಗಿಸುವ ಬೆಲ್ಟುಗಳ ರಿಪೇರಿ ನೋಡಿಕೊಳ್ಳುವ ಕೆಲಸ. ಅಡಿಲೇಡಿನಲ್ಲಿ ಒಂದು, ಬ್ರಿಸ್ಬೇನಿನಲ್ಲಿ ಇನ್ನೊಂದು, ಎರಡು ನೌಕರಿಗಳನ್ನೂ ಬಾಯಿಯಿಂದಲೇ ಕಳೆದುಕೊಂಡು ಪರ್ತ್‌ಗೆ ಬಂದವನು. ಬ್ರಿಸ್ಬೇನಿನಲ್ಲಂತೂ ಮೇಲಧಿಕಾರಿಯ ಮೇಜಿಗೆ ಸ್ಪ್ಯಾನರ್ ಕುಟ್ಟಿ ಗಾಜು ಪುಡಿ ಮಾಡಿದ್ದ. ಎಲೆನ್‌ಬ್ರೂಕ್‌ನ ಮನೆಯಲ್ಲಿ ಅವನ ದನಿ ಏರಿತೆಂದರೆ ಹೆಂಡತಿ ಮೈಥಿಲಿ ಮೊದಲು ಪಿಂಗಾಣಿ ತಟ್ಟೆಗಳನ್ನು ಎತ್ತಿಡುತ್ತಿದ್ದಳು. ಆದರೂ ಯಾರೂ ಅವನ ಸಹವಾಸ ಬಿಟ್ಟಿರಲಿಲ್ಲ. ಯಾರದೇ ಮನೆ ಖಾಲಿ ಮಾಡುವುದಿರಲಿ, ಬೈದುಕೊಂಡೇ ಬಂದು ಸೋಫಾಕ್ಕೆ ಹೆಗಲು ಕೊಡುವವನು ಅವನೇ.

ಅಂಥವನನ್ನು ಯಾರಾದರೂ ಟರ್ಕಿ ಕೋಳಿಯ ಬೇಟೆಗೆ ಕರೆದೊಯ್ಯುತ್ತಾರೆಯೇ? ಅದರಲ್ಲಿ ಕಾಯುವುದು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರು ಗೆಳೆಯರು ಕರೆದೊಯ್ದರು. ಹೊನ್ನಪ್ಪ ಕ್ಯಾನಿಂಗ್ಟನ್‌ನಲ್ಲಿ ಲಾರಿ ಮೆಕ್ಯಾನಿಕ್, ಮಾತು ಕಮ್ಮಿ. ಮೂವರಲ್ಲಿ ಬಂದೂಕಿನ ಲೈಸೆನ್ಸ್ ಇದ್ದದ್ದು ಅವನೊಬ್ಬನಿಗೇ. ಪ್ರಶಾಂತ ಜೂಂಡಲಪ್‌ನಲ್ಲಿ ಬಸ್ ಡ್ರೈವರ್, ಕನ್ನಡ ಸಂಘದ ಹಾಡುಗಾರ. ಕೋಗಿಲೆಯಿಂದ ಕತ್ತೆಯವರೆಗೆ ಯಾವ ದನಿಯನ್ನಾದರೂ ಗಂಟಲಿನಿಂದ ತೆಗೆಯುತ್ತಿದ್ದ. ಹೊನ್ನಪ್ಪನ ಗಿರಾಕಿಯೊಬ್ಬನ ಗೋಧಿ ಹೊಲದಲ್ಲಿ, ಎಂದೋ ಸಾಕಿ ಬಿಟ್ಟ ಟರ್ಕಿಗಳು ಕಾಡುಬಿದ್ದು ಬೆಳೆ ಹಾಳು ಮಾಡುತ್ತಿದ್ದವು. ಎಷ್ಟು ಬೇಕಾದರೂ ಹೊತ್ತುಕೊಂಡು ಹೋಗಿ ಎಂದು ಹೊಲದವನು ಕಾಗದ ಬರೆದುಕೊಟ್ಟಿದ್ದ.

ಅಕ್ಟೋಬರ್ ತಿಂಗಳು, ಆಸ್ಟ್ರೇಲಿಯಾದ ವಸಂತ. ಹೆಣ್ಣಿನ ದನಿ ಕೇಳಿದರೆ ಗಂಡು ಟರ್ಕಿಗಳಿಗೆ ತಲೆ ನಿಲ್ಲದ ಕಾಲ. ಬೆಳಿಗ್ಗೆ ಏಳಕ್ಕೆ ಪ್ರಶಾಂತ ಪೊದೆಯೊಳಗಿಂದ ಹೆಣ್ಣಿನಂತೆ ಕೂಗಿದ, ಅವರ ಮಾತಿನಲ್ಲಿ ‘ಕಾಲ್ ಹೊಡೆದ’. ಗಂಡೊಂದು ರೆಕ್ಕೆ ಕೆಳಗಿಟ್ಟು, ಬಾಲ ಬಿಚ್ಚಿ, ಮದುಮಗನ ಗತ್ತಿನಲ್ಲಿ ಬಂತು. ಹೊನ್ನಪ್ಪನ ಬಂದೂಕಿನ ಚರೆಗುಂಡುಗಳು ಬಡಿದು ಅದರ ಎರಡೂ ಕಾಲು ಮುರಿದವು, ಜೀವ ಹೋಗಲಿಲ್ಲ. ಮಣ್ಣಿನಲ್ಲಿ ಬುಗುರಿಯಂತೆ ತಿರುಗುತ್ತಾ ಒದ್ದಾಡಿತು. ಉದಯಶಂಕರ ಓಡಿಹೋಗಿ ಕತ್ತಿನ ಮೇಲೆ ಬೂಟು ಇಟ್ಟು, ಕಲ್ಲೆತ್ತಿ ತಲೆ ಜಜ್ಜಿದ. ಒಮ್ಮೆ, ಎರಡು ಸಲ, ಐದು ಸಲ.

"ಸಾಕು ಬಿಡೋ ಮಾರಾಯಾ, ಸತ್ತೋಯ್ತು," ಅಂದ ಪ್ರಶಾಂತ. ಉದಯಶಂಕರ ಇನ್ನೊಂದು ಸಲ ಜಜ್ಜಿಯೇ ಕಲ್ಲು ಬಿಸಾಡಿದ. ಅವನಿಗೆ ಅದು ಹಿತವಾಗಿತ್ತು.

ಪ್ರಶಾಂತ ಸತ್ತ ಹಕ್ಕಿಯ ಬಾಲವನ್ನು ಬೀಸಣಿಗೆಯಂತೆ ಕೊಯ್ದುಕೊಂಡ. "ಇದನ್ನ ಮುಖದ ಮುಂದೆ ಹಿಡ್ಕೊಂಡು ಆ ಎಡಗಡೆ ಮರದ ಹತ್ರ ಕೂತ್ಕೋತೀನಿ. ಇನ್ನೊಂದು ಗಂಡು ಫೈಟಿಗೆ ಬಂದೇ ಬರುತ್ತೆ. ನಾನು ಫೋನಲ್ಲೇ ಇರ್ತೀನಿ," ಎಂದು ಹೋದ. ಉದಯಶಂಕರ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೈನಾಕ್ಯುಲರ್ ಹಿಡಿದು, ಹೊನ್ನಪ್ಪನ ಪಕ್ಕದಲ್ಲಿ ಕೂತ.

ಒಂದೂವರೆ ಗಂಟೆ ಏನೂ ಬರಲಿಲ್ಲ. ನೊಣಗಳು ಮುಖಕ್ಕೆ ಮುತ್ತಿದವು. ಉದಯಶಂಕರನ ಹಲ್ಲು ಕಟಕಟ ಅನ್ನತೊಡಗಿತ್ತು. ಆಗ ಬಲಗಡೆಯ ಹುಲ್ಲಿನಲ್ಲಿ, ಮೂವತ್ತು ಹೆಜ್ಜೆ ದೂರಕ್ಕೆ, ಬಿಚ್ಚಿದ ಬಾಲ ಕಂಡಿತು. ಅದೇ ಗಳಿಗೆಗೆ ಕಿವಿಯಲ್ಲಿ ಪ್ರಶಾಂತನ ಪಿಸುಮಾತು: "ಆ ಮರ ಬಿಟ್ಟು ಈ ಕಡೆ ಬಂದಿದೀನಿ ಕಣೋ. ಕಾಲ್ ಹೊಡೀಲಾ?"

ಅದು ಕಿವಿಗೆ ಬಿದ್ದರೂ ಉದಯಶಂಕರನ ತಲೆಗೆ ಹೋಗಲಿಲ್ಲ. ಅವನ ಕಣ್ಣು ಬಾಲದ ಮೇಲಿತ್ತು, ಮಾತು ಬಂದೂಕಿಗಿತ್ತು.

"ಹೊಡಿ," ಅಂದ.

ಹೊನ್ನಪ್ಪ ಹೊಡೆದ.

ಹುಲ್ಲಿನಿಂದ ಎದ್ದದ್ದು ಮನುಷ್ಯ. ಎದ್ದು, ಎರಡು ಕೈಯಲ್ಲೂ ಕತ್ತು ಹಿಡಿದುಕೊಂಡು ಕುಸಿದ. ಓಡಿ ಹೋಗಿ ನೋಡಿದರೆ ಬಲಗಣ್ಣಿನ ಜಾಗದಲ್ಲಿ ಕಣ್ಣಿಲ್ಲ, ಗಂಟಲಿನಿಂದ ರಕ್ತ ಬುರುಬುರು ಬರುತ್ತಿದೆ. ಉದಯಶಂಕರ ಅಂಗಿ ಬಿಚ್ಚಿ ಒತ್ತಿ ಹಿಡಿದ. ಹೊನ್ನಪ್ಪ ಆಂಬುಲೆನ್ಸಿಗೆ ಫೋನ್ ಮಾಡಿ, ಜಾಗ ಹೇಳಿ, ಮಂಡಿಯೂರಿ ಅಂಗಿಯ ಮೇಲೆ ತನ್ನ ಅಂಗೈ ಇಟ್ಟ. ಕೈ ಬಿಡುವಾದದ್ದೇ ತಡ, ಉದಯಶಂಕರ ಹೊನ್ನಪ್ಪನ ಬೆನ್ನಿಗೆ ಒದ್ದ, ತಲೆಗೆ ಗುದ್ದಿದ.

"ನಿಂಗೆ ಯಾರೋ ಹೇಳಿದ್ದು? ಫೋನಲ್ಲಿ ಅವನಿಗೆ ಹೇಳ್ದೆ ಕಣೋ ನಾನು! ಅವನಿಗೆ!"

ಕಿವಿಯಲ್ಲೇ ಉಳಿದಿದ್ದ ಪ್ರಶಾಂತನ ಪ್ರಶ್ನೆ ಅವನಿಗೆ ಈಗ ಅರ್ಥವಾಗಿತ್ತು; ಸುಳ್ಳು ಗುದ್ದಿನ ಜೊತೆಯಲ್ಲೇ ಹುಟ್ಟಿತು. ಹೊನ್ನಪ್ಪ ಕೈ ಎತ್ತಲಿಲ್ಲ, ಕತ್ತಿನ ಮೇಲಿನ ಒತ್ತಡ ಸಡಿಲಿಸಲೂ ಇಲ್ಲ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿದರೂ ಹೆಲಿಕಾಪ್ಟರ್ ಬರುವವರೆಗೆ ಹಾಗೆಯೇ ಕೂತಿದ್ದ. ಪ್ರಶಾಂತ ಬದುಕಿದ್ದು ಆ ಕೈಯಿಂದ.

ಪೊಲೀಸಿನವಳು ಕೇಳಿದ್ದು ಒಂದೇ ಪ್ರಶ್ನೆ: ನೀವು ಬಳಸಿದ ಪದ ಯಾವುದು, ಅದರ ಅರ್ಥವೇನು? ಉದಯಶಂಕರ ಆಕೆಗೆ ಕಾಲು ಗಂಟೆ ಕನ್ನಡ ಪಾಠ ಮಾಡಿದ. ನಮ್ಮಲ್ಲಿ ಫೋನೂ ಹೊಡೆಯುತ್ತಾರೆ, ಸೀಟಿಯೂ ಹೊಡೆಯುತ್ತಾರೆ, ಹರಟೆಯೂ ಹೊಡೆಯುತ್ತಾರೆ, ನಿದ್ದೆಯೂ ಹೊಡೆಯುತ್ತಾರೆ. ಕಾಲ್ ಹೊಡೀಲಾ ಅಂತ ಪ್ರಶಾಂತ ಕೇಳಿದ, ನಾನು ಉತ್ತರ ಕೊಟ್ಟೆ, ಪಕ್ಕದವನು ತಪ್ಪು ತಿಳಿದ. ಆಕೆ ಎಲ್ಲವನ್ನೂ ಬರೆದುಕೊಂಡಳು. ಹೊನ್ನಪ್ಪನ ಬಂದೂಕು ಹೋಯಿತು, ಅವನ ಮೇಲೆ ಕೇಸು ಬಿತ್ತು. ಗುರಿ ನೋಡದೆ ಹೊಡೆದದ್ದು ಅವನದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ಹೇಳದೆ ತಾನಾಗಿಯೇ ಹೊಡೆದೆ ಎಂಬ ಪಾಪವನ್ನೂ ಅವನು ಹೊತ್ತುಕೊಂಡ. ಲಾಯರು ಜೈಲಿನ ಮಾತೆತ್ತಿದರೆ ಆಗಲಿ ಅನ್ನುತ್ತಿದ್ದ.

ತಿಂಗಳ ಮೇಲೆ ಮೂವರೂ ಪ್ರಶಾಂತನ ಮನೆಯಲ್ಲಿ ಸೇರಿದರು. ಪ್ರಶಾಂತನ ಕತ್ತಿಗೆ ಕೊಳವೆ ಹಾಕಿದ್ದರು, ದನಿ ಇರಲಿಲ್ಲ, ಬರೀ ಗಾಳಿ ಬರುತ್ತಿತ್ತು. ಹೆಂಡತಿ ದೇವಕಿ ಕಾಫಿ ತಂದಿಟ್ಟಳು. ಹೊನ್ನಪ್ಪ ಕಾಫಿ ಮುಟ್ಟದೆ ಪ್ರಶಾಂತನ ಪಾದಕ್ಕೆ ಹಣೆ ಹಚ್ಚಿ, "ಈ ಕಿವೀನ ಕುಯ್ದು ಹಾಕ್ಬೇಕು ಕಣಪ್ಪಾ. ನಿಂಗೆ ಹೇಳಿದ್ನ ನಂಗೆ ಅನ್ಕೊಂಡ್ಬಿಟ್ಟೆ," ಎಂದು ಅತ್ತ. ಪ್ರಶಾಂತ ಅವನ ತಲೆ ಸವರಿದ.

ಉದಯಶಂಕರ ಕಾಫಿ ಲೋಟ ಕೆಳಗಿಟ್ಟ. ನಾಚಿಕೆ, ಬರೀ ನಾಚಿಕೆ.

"ಹೊನ್ನಪ್ಪಾ, ನಿನ್ನ ಕಿವಿ ಸರಿಯಾಗೇ ಇತ್ತು. ನಾನು ಹೇಳಿದ್ದು ನಿಂಗೇ. ಇವನ ಮಾತು ಆಗ ನನ್ನ ತಲೆಗೇ ಹೋಗಿರ್ಲಿಲ್ಲ."

ಹೊನ್ನಪ್ಪ ಎದ್ದ. ಮೊದಲ ಗುದ್ದಿಗೆ ಉದಯಶಂಕರನ ಮುಂದಿನ ಹಲ್ಲು ಹೋಯಿತು, ಎರಡನೆಯದಕ್ಕೆ ಕುರ್ಚಿಯ ಸಮೇತ ಉರುಳಿದ. ಮೂರನೆಯದಕ್ಕೆ ಎತ್ತಿದ ಮುಷ್ಟಿಯನ್ನು ಪ್ರಶಾಂತ ಹಿಡಿದುಕೊಂಡ. ಹಿಡಿದುಕೊಂಡು, ಉದಯಶಂಕರನನ್ನು ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದ. ಆಮೇಲೆ ಮುಷ್ಟಿಯನ್ನು ಬಿಟ್ಟ.

ಮೂರನೆಯ ಏಟು ದವಡೆಗೆ ಬಿತ್ತು.

ದೇವಕಿ ಯಾರನ್ನೂ ಬಿಡಿಸಲು ಹೋಗಲಿಲ್ಲ. ಪೊಲೀಸಿನವಳ ನಂಬರು ಹುಡುಕಿ, ಫೋನು ಹಚ್ಚಿ, ನೆಲದ ಮೇಲಿದ್ದವನ ಕಿವಿಗೆ ಹಿಡಿದಳು. "ಅವರಿಗೂ ಹೇಳಿ," ಅಂದಳು.

ಉದಯಶಂಕರ ಹೆಸರು ಹೇಳಲು ಬಾಯಿ ತೆರೆದರೆ ರಕ್ತ ಬಂತು. ಉಗುಳಿ, ಮತ್ತೆ ಮೊದಲಿನಿಂದ ಹೇಳತೊಡಗಿದ.