ಕಿತ್ತಳೆಯ ಮೇಲೆ ನಾಲ್ಕು ಮುಳ್ಳು

ನಮ್ಮ ಗಣಿತದ ಮೇಡಂ ಅವರ ಬಲ ಮೊಣಕೈ ಸದಾ ಸೀಮೆಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ಶಾಲೆಯ ದೊಡ್ಡ ಕೈವಾರ ಮುರಿದಿದ್ದರಿಂದ ಮೊಣಕೈಯನ್ನೇ ಬೋರ್ಡಿಗೆ ಊರಿ, ಎರಡು ಸಲಕ್ಕೆ ವೃತ್ತ ಎಳೆಯುತ್ತಿದ್ದರು. ತುದಿಗಳು ಎಂದೂ ಕೂಡುತ್ತಿರಲಿಲ್ಲ. "ಚಿತ್ರ ನಂಬ್ಬೇಡಿ ಕಣ್ರೋ, ಏನು ಕೊಟ್ಟವ್ರೆ ಅದನ್ನ ಓದಿ" ಅನ್ನುತ್ತಿದ್ದರು.

ಅವರು ಅತಿಥಿ ಶಿಕ್ಷಕಿ. ಸಕಲೇಶಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮುಂದಿನ ವರ್ಷ ಬರುತ್ತಾರೋ ಇಲ್ಲವೋ ಎಂಬುದು ಹೆಡ್‌ಮಾಸ್ಟರ ಒಂದು ಮಾತಿನ ಮೇಲಿತ್ತು. ನಾನು ಹತ್ತನೇ ತರಗತಿ. ಚರ್ಚಾಸ್ಪರ್ಧೆಯಲ್ಲಿ ಗೆದ್ದು ಗೆದ್ದು ಬಾಯಿ ಬಲಿತವಳು.

ಟೆಸ್ಟಿನಲ್ಲೊಂದು ಪ್ರಶ್ನೆ: ನಾಲ್ಕು ಬಿಂದುಗಳು ಒಂದು ಸ್ಥಿರ ಬಿಂದುವಿನಿಂದ ಐದೈದು ಸೆಂಟಿಮೀಟರ್ ದೂರದಲ್ಲಿವೆ. ಅವು ಒಂದೇ ವೃತ್ತದ ಮೇಲೆ ಇರಲೇಬೇಕೆ? 'ಹೌದು, ವ್ಯಾಖ್ಯೆಯ ಪ್ರಕಾರ' ಎಂದು ಬರೆದೆ. ಸೊನ್ನೆ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: 'ಸಮತಲ?'

ತರಗತಿಯಲ್ಲೇ ಎದ್ದು ನಿಂತು ವಾದಿಸಿದೆ. ಹಿಂದಿನ ಬೆಂಚು ಚಪ್ಪಾಳೆ ತಟ್ಟಿತು.

"ವಾದ ಗೆದ್ದೆ ಮಾರಾಯ್ತಿ. ಲೆಕ್ಕ ಇನ್ನೂ ಅಲ್ಲೇ ಐತೆ" ಎಂದರು ಮೇಡಂ.

ಮೈ ಉರಿಯಿತು. ಇವರಿಗೆ ವೃತ್ತದ ವ್ಯಾಖ್ಯೆಯೇ ಗೊತ್ತಿಲ್ಲ, ಬೇರೆಯವರನ್ನು ಕೊಡಿ ಎಂದು ಅರ್ಜಿ ಬರೆದು, ಹದಿನೆಂಟು ಸಹಿ ಹಾಕಿಸಿ ಹೆಡ್‌ಮಾಸ್ಟರಿಗೆ ಕೊಟ್ಟೆ.

ಮರುದಿನ ಹೆಡ್‌ಮಾಸ್ಟರ್ ಇಬ್ಬರನ್ನೂ ಕರೆಸಿದರು. ಮೇಡಂ ಒಂದು ಕಿತ್ತಳೆ, ನಾಲ್ಕು ನಿಂಬೆ ಮುಳ್ಳು, ಚಾಕು ಹಿಡಿದು ಬಂದರು.

"ಚುಚ್ಚು. ಎಲ್ಲಿ ಬೇಕಾದ್ರೂ."

ಚುಚ್ಚಿದೆ.

"ಹಣ್ಣಿನ ನಡುವಿಂದ ನಾಲ್ಕೂ ಒಂದೇ ದೂರ ತಾನೆ?"

"ಹೌದು ಮೇಡಂ."

"ಈಗ ನಾಲ್ಕೂ ಸಿಗೋ ಹಂಗೆ ನೆಟ್ಟಗೆ ಒಂದೇ ಸಲ ಕೊಯ್ಯಿ."

ಮೂರು ಸಿಕ್ಕವು. ಕೊಯ್ದ ಮುಖ ಗುಂಡಗೆ, ಅಂಚಿನಲ್ಲಿ ಮೂರು ಮುಳ್ಳು. ನಾಲ್ಕನೆಯದು ಸಿಪ್ಪೆಯ ಆಚೆ ಒಂಟಿಯಾಗಿ ನಿಂತಿತ್ತು.

"ಪುಸ್ತಕ ಓದು."

ವ್ಯಾಖ್ಯೆ ಶುರುವಾಗುವುದೇ 'ಒಂದು ಸಮತಲದಲ್ಲಿ' ಎಂದು. ವಾದಿಸುವಾಗ ಆ ಎರಡು ಪದ ನುಂಗಿದ್ದೆ.

ಹೆಡ್‌ಮಾಸ್ಟರ್ ನನ್ನತ್ತ ತಿರುಗಿದರು. "ಬೈಬೇಡಿ ಸಾರ್, ಪ್ರಶ್ನೆ ಕೇಳೋ ಹುಡ್ಗಿ" ಎಂದು ಮೇಡಂ ಅಡ್ಡ ಬಂದರು. ನಾನು ತಪ್ಪಾಯಿತು ಅನ್ನಲಿಲ್ಲ. ಅವರು ಕೊಟ್ಟ ಅರ್ಧ ಹಣ್ಣು ತಿಂದೆ, ಅಷ್ಟೆ. ಮುಂದಿನ ವರ್ಷವೂ ಅವರು ಅಲ್ಲೇ ಇದ್ದರು. ನಾನು ಕಾಲೇಜಿಗೆ ಹೋಗಿದ್ದೆ.

ಈ ವರ್ಷ ಮೇಡಂ ತೀರಿಕೊಂಡರು. ಸಾವಿನ ಮನೆಯ ಜಗಲಿಯಲ್ಲಿ ಯಾರೋ, "ದೇವ್ರಂಥೋರು ಕಣ್ರೀ, ಯಾರಿಗೂ ಮಾರ್ಕ್ಸ್ ಕಮ್ಮಿ ಮಾಡ್ದೋರಲ್ಲ" ಅಂದರು.

ಅಂಥ ಜಾಗದಲ್ಲಿ ವಾದಿಸಬಾರದು, ಗೊತ್ತು.

"ಇಲ್ಲ, ನನಗೆ ಸೊನ್ನೆ ಕೊಟ್ಟಿದ್ರು" ಎಂದೆ. "ಅದು ಸರಿಯಾಗಿತ್ತು."

ಕೇಳಬೇಕಾದವರು ಒಳಗೆ ಮಲಗಿದ್ದರು. ಮೊಣಕೈ ಯಾರೋ ತೊಳೆದಿದ್ದರು.