ಬಸ್ಕಿಗೆ ಇನ್ನೊಂದು ಹೆಸರು

ಇಂದಿರಾನಗರದಲ್ಲಿ ಹೊಸದಾಗಿ ತೆರೆದ ಜಿಮ್ಮಿನ ಮುಂದೆ ಹಾಯುವಾಗ ಬೆವರು, ಫಿನಾಯಿಲ್ ಬೆರೆತ ವಾಸನೆ ಬಂತು. ಅದು ನಿಮ್ಮನ್ನೆಲ್ಲಿಗೆ ಒಯ್ಯುತ್ತದೋ ತಿಳಿಯದು, ನನ್ನನ್ನು ಕೆ.ಆರ್. ಪುರದಾಚೆಯ ಮಾನಸಿಕ ಆಸ್ಪತ್ರೆಯೊಂದರ ಗಂಡಸರ ಬೀಗದ ವಾರ್ಡಿಗೆ ಒಯ್ದಿತು.

ತೊಂಬತ್ತರ ದಶಕದ ಕೊನೆ. ವಿಮಾನಪುರದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ನಮ್ಮಣ್ಣ ಆ ವಾರ್ಡಿನಲ್ಲಿದ್ದ. ಬೆಳಗಿನ ವ್ಯಾಯಾಮಕ್ಕೆ ಬಂದು ನಾಲ್ಕು ಜನರೊಡನೆ ಬೆರೆತರೆ ಬೀಗವಿಲ್ಲದ ವಾರ್ಡಿಗೆ ಕಳಿಸುವುದಾಗಿ ಡಾಕ್ಟರು ಹೇಳಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಕೊಬ್ಬಿದ್ದ ನಾನು ಸುಮ್ಮನಿರುತ್ತೇನೆಯೇ?

"ವ್ಯಾಯಾಮದಿಂದ ಮನಸ್ಸು ಸರಿಹೋಗೋದಾದ್ರೆ ಪೈಲ್ವಾನರಿಗೆ ಯಾಕೆ ಸಾರ್ ತಲೆ ಕೆಡುತ್ತೆ?"

"ಮಾತ್ರೆ ಬಿಡಿ ಅಂದ್ನೇನ್ರೀ ನಾನು?" ಎಂದು ಡಾಕ್ಟರು ನಕ್ಕರು. ಆ ಸುತ್ತು ಅವರದೇ ಎನ್ನಿ.

ಭಾನುವಾರ ಕಂಬಿಯ ಈಚೆ ನಿಂತು ನೋಡುತ್ತಿದ್ದೆ. ಸೈನ್ಯದಿಂದ ನಿವೃತ್ತರಾದ ವ್ಯಾಯಾಮದ ಮೇಷ್ಟ್ರು "ಎಲ್ರೂ ಬಸ್ಕಿ ಹೊಡೀರಿ!" ಎಂದು ಗುಡುಗಿದರು. ಸಾಲಿನಲ್ಲಿದ್ದ ಅಷ್ಟೂ ಗಂಡಸರು, ನರೆಗೂದಲಿನವರೂ, ಥಟ್ಟನೆ ಕಿವಿ ಹಿಡಿದುಕೊಂಡರು. ಶಾಲೆಯಲ್ಲಿ ಶಿಕ್ಷೆ ಅನುಭವಿಸಿದವರಿಗೆ ಆ ಪದಕ್ಕೆ ಬೇರೆ ಅರ್ಥವೇ ಇಲ್ಲವಲ್ಲ! "ನನ್ ಕೋಟಾ ಸ್ಕೂಲಲ್ಲೇ ಮುಗೀತು ಗುರು," ಎಂದೊಬ್ಬ ಗೊಣಗಿದ, ಕಿವಿ ಮಾತ್ರ ಬಿಡಲಿಲ್ಲ.

ಅಣ್ಣನ ಕೈ ಮೇಲೇಳಲಿಲ್ಲ. ಕೆಲಸ ಕೆಟ್ಟಿತು, ಮೊಂಡುತನವೆಂದು ಮತ್ತೆ ಇಲ್ಲೇ ಇಡುತ್ತಾರೆ ಎಂದುಕೊಂಡೆ.

"ಬಸ್ಕಿ ಹೊಡೆಯೋಕೆ ನಾವೇನು ತಪ್ಪು ಮಾಡಿದೀವಿ ಸಾರ್? ಕಾಯಿಲೆ ಬಂದಿದೆ, ಅಷ್ಟೇ," ಎಂದ ಅಣ್ಣ. ತಿಂಗಳುಗಳಿಂದ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದವನು!

ಮೇಷ್ಟ್ರು ಅವನನ್ನೇ ನೋಡಿದರು. "ಸರಿಯಪ್ಪ, ಮತ್ತೇನನ್ಬೇಕು?"

"ಸಾಮು ಅನ್ನಿ. ಹಲಸೂರಿನ ಗರಡೀಲಿ ನಮ್ ತಾತ ಹಂಗೇ ಅಂತಿದ್ರು."

"ಸಾಮು ಶುರು!" ಎಂದರು ಮೇಷ್ಟ್ರು. ಒಬ್ಬೊಬ್ಬರದೇ ಕೈ ಕಿವಿಯಿಂದ ಇಳಿಯಿತು. ಎಲ್ಲರಿಗಿಂತ ಮೊದಲು ಅಣ್ಣ ಮಂಡಿ ಬಗ್ಗಿಸಿದ. ನನ್ನ ಕಪ್‌ಗಳನ್ನೆಲ್ಲ ಅಲ್ಲೇ ಅವನಿಗೆ ಕೊಟ್ಟುಬಿಡಬೇಕೆನಿಸಿತು.

ಕೆಲವೇ ದಿನಗಳಲ್ಲಿ ಅವನನ್ನು ಬೀಗವಿಲ್ಲದ ವಾರ್ಡಿಗೆ ಕಳಿಸಿದರು. ಮಾತ್ರೆಯಿಂದಲೋ, ಮೈ ಬಗ್ಗಿಸಿದ್ದರಿಂದಲೋ, ಆ ಒಂದು ಮಾತಿನಿಂದಲೋ? ಪುರಾವೆಯಿಲ್ಲದೆ ತೀರ್ಪು ಕೊಡುವವನಲ್ಲ ನಾನು.

ಜಿಮ್ಮು ದಾಟಿ ಮನೆಗೆ ಬಂದರೆ ಹೊಸ ನೆಂಟರೊಬ್ಬರು ಕೂತಿದ್ದರು. "ಹಿಂದೊಂದ್ ವರ್ಷ ಕೆಲಸ ಬಿಟ್ಟು ಎಲ್ಲೋ ಹೋಗಿದ್ರಂತೆ?" ಎಂದು ಅಣ್ಣನನ್ನು ಕೇಳಿದರು. ಅಮ್ಮ ಕಾಫಿಯ ನೆಪದಲ್ಲಿ ಎದ್ದರು. ನಾನು ಉತ್ತರಕ್ಕೆ ಬಾಯಿ ತೆರೆದೆ. ಅಣ್ಣ ನನಗಿಂತ ಮುಂಚೆ ಹೇಳಿದ:

"ಆಸ್ಪತ್ರೇಲಿದ್ದೆ. ತಲೆ ಕೆಟ್ಟಿತ್ತು. ಈಗ್ಲೂ ಮಾತ್ರೆ ತಗೋತೀನಿ, ದಿನಾ ಬೆವರು ಸುರಿಸ್ತೀನಿ. ನೀವೂ ಸುರಿಸಿ, ಹೊಟ್ಟೆ ಬಂದಿದೆ."

ಈ ಸುತ್ತು ಅಣ್ಣನದೇ ಎನ್ನಿ.